ಕಡ್ಡಿ ಕಟ್ಟಿನ ಲೆಕ್ಕ, ಬಸ್ ಬೋರ್ಡಿನ ಓದು

27ಕ್ಕೆ 15 ಕೂಡಿಸಿ 312 ಎಂದು ಬರೆಯುವ ಮಗುವಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ; ಹತ್ತರ ಸ್ಥಾನವೇ ಅದಕ್ಕೆ ತಿಳಿದಿಲ್ಲ. ಕಸಬರಿಗೆ ಕಡ್ಡಿಯನ್ನು ಬೆರಳುದ್ದಕ್ಕೆ ಮುರಿದು 50 ತುಂಡು ಮಾಡಿ, ಹತ್ತತ್ತು ಕಟ್ಟಲು ರಬ್ಬರ್ ಬ್ಯಾಂಡ್ ಕೊಡಿ. 27 ಎಂದರೆ 2 ಕಟ್ಟು, 7 ಬಿಡಿ ಕಡ್ಡಿ; 15 ಎಂದರೆ 1 ಕಟ್ಟು, 5 ಬಿಡಿ ಕಡ್ಡಿ. ಬಿಡಿ ಕಡ್ಡಿ 12 ಆದವು. ಅದರಲ್ಲಿ ಹತ್ತನ್ನು ಮಗುವೇ ಕಟ್ಟಲಿ, ನೀವು ಕೈ ಹಾಕಬೇಡಿ. 4 ಕಟ್ಟು, 2 ಬಿಡಿ: 42. ಆಮೇಲಷ್ಟೇ ಪಾಟಿಯ ಮೇಲೆ ಬರೆಸಿ.

ಓದಿಗೆ ಬಸ್ಸಿನ ಬೋರ್ಡುಗಳೇ ಸಾಕು. ‘ಹುಬಳಿ’ ಎಂದು ಓದಿದರೆ ಒತ್ತಕ್ಷರ ಬಿಟ್ಟಿದೆ. ‘ಹುಬ್-ಬಳ್-ಳಿ’ ಎಂದು ಚಪ್ಪಾಳೆ ತಟ್ಟುತ್ತ ಬಿಡಿಸಿ ಹೇಳಿಸಿ. ಮುಂದೆ ‘ಅಣ್ಣಿಗೇರಿ’. ‘ಲಕ್ಷ್ಮೇಶ್ವರ’ ಕೊನೆಗಿರಲಿ, ಅಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು.