ಲಾರಿಯ ಡೀಸೆಲ್ ಲೈನ್‌ಗೆ ಗಾಳಿ ಸೇರಿದಾಗ

ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ತುಂಬಿಕೊಂಡು ಚೆನ್ನೈಗೆ ಹೋಗುವುದು ನನ್ನ ಕೆಲಸ. ಬೆಳಗಿನ ಮಾರ್ಕೆಟ್‌ಗೆ ಮುಟ್ಟದಿದ್ದರೆ ಮಾಲಿಗೆ ರೇಟ್ ಸಿಗಲ್ಲ. ಹೋದ ಬೇಸಿಗೆಯಲ್ಲಿ ಲಾರಿ ಕೈಕೊಡಲು ಶುರುಮಾಡಿತು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹ್ಯಾಂಡ್ ಪ್ರೈಮರ್ ಅಂದರೆ ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಚಿಕ್ಕ ಪಂಪ್, ಅದನ್ನು 30 ಸಲ ಒತ್ತಿ ಗಾಳಿ ತೆಗೆಯಬೇಕು. ಏರಿನಲ್ಲಿ ಲೋಡ್ ಎಳೆಯುತ್ತಲೇ ಇರಲಿಲ್ಲ.

ಒಂದು ಗ್ಯಾರೇಜಿನಲ್ಲಿ ಡೀಸೆಲ್ ಪಂಪನ್ನೇ ಬಿಚ್ಚಿ ಇಳಿಸಬೇಕು ಅಂದುಬಿಟ್ಟರು. ನನಗೆ ಮನಸ್ಸು ಒಪ್ಪಲಿಲ್ಲ. ಲಾರಿ ಕೆಳಗೆ ಒಂದು ತೊಟ್ಟೂ ಸೋರಿರಲಿಲ್ಲ, ನಿಜ. ಆದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಬರುವುದು ಪಂಪ್ ಎಳೆದುಕೊಳ್ಳುವುದರಿಂದ. ಅಲ್ಲಿ ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಇಂಜಿನ್ ನಿಂತ ಮೇಲೆ ಲೈನಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ.

ಫೀಡ್ ಪಂಪಿನ ಮುಂಚೆ ಒಳಗಿನದು ಕಾಣುವಂಥ ಒಂದಡಿ ಪ್ಲಾಸ್ಟಿಕ್ ಟ್ಯೂಬ್ ಸೇರಿಸಿ ಇಂಜಿನ್ ಓಡಿಸಿದೆ. ಟಾರ್ಚ್ ಹಿಡಿದರೆ ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು! ಆಮೇಲೆ ಒಂದೊಂದೇ ಜಾಯಿಂಟ್ ಬಿಚ್ಚುತ್ತಾ ಬಂದೆ. ಕ್ಲಾಂಪ್ ಕೂತಿದ್ದ ಕಡೆ ರಬ್ಬರ್ ಹೋಸ್ ಕತ್ತರಿಸಿಹೋಗಿತ್ತು. ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹರಿಯಲು ತೂತಿರುವ ಬೋಲ್ಟ್) ತಾಮ್ರದ ವಾಷರ್ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಅದನ್ನೇ ಎಷ್ಟು ಸಲ ವಾಪಸ್ ಹಾಕಿದ್ದರೋ!

ಡೀಸೆಲ್‌ಗೇ ಅಂತ ಬರುವ ಹೋಸ್, ಹೊಸ ವಾಷರ್, ಸುತ್ತಲೂ ಸಮನಾಗಿ ಹಿಡಿಯುವ ಕ್ಲಾಂಪ್ ಹಾಕಿದೆ. ಬಿಚ್ಚುವ ಮೊದಲು ಜಾಯಿಂಟ್ ಒರೆಸಲೇಬೇಕು, ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ. ಟೆಫ್ಲಾನ್ ಟೇಪ್ ಮಾತ್ರ ಸುತ್ತಬೇಡಿ. ಅದರ ಚೂರು ಪಂಪಿನೊಳಗೆ ಹೋದರೆ ದೊಡ್ಡ ಖರ್ಚು.

ಜೊತೆಗೆ ಫಿಲ್ಟರ್ ಆದಮೇಲೆ ಡೀಸೆಲ್ ಒತ್ತಡ ತೋರಿಸುವ ಒಂದು ಪ್ರೆಶರ್ ಗೇಜ್ ಕೂರಿಸಿದೆ, ಫಿಲ್ಟರ್ ಕಟ್ಟಿಕೊಂಡರೆ ಅದರ ಮುಳ್ಳು ಇಳಿಯುತ್ತದೆ. ಕ್ಯಾಬಿನ್‌ವರೆಗೆ ಡೀಸೆಲ್ ಪೈಪ್ ಎಳೆಯುವ ಗೇಜ್ ಬೇಡ ಅಂದೆ. ಪೈಪ್ ಒಡೆದರೆ ಕಾಲ ಬುಡದಲ್ಲೇ ಡೀಸೆಲ್. ಸೆನ್ಸರ್ ಇಂಜಿನ್ ಹತ್ತಿರ, ಒಳಗೆ ಬರೀ ವೈರ್. ಹೊಸ ಫಿಲ್ಟರ್ ಇದ್ದಾಗ ನನ್ನ ಲಾರಿಯಲ್ಲಿ ಮುಳ್ಳು 2 ಬಾರ್ ಹತ್ತಿರ ನಿಲ್ಲುತ್ತದೆ.

ಎರಡು ತಿಂಗಳ ನಂತರ ಪಲಮನೇರು ದಾಟಿ ಮೊಗಿಲಿ ಘಾಟಿನಲ್ಲಿ ಹೋಗುವಾಗ ಮುಳ್ಳು 1ಕ್ಕಿಂತ ಕೆಳಗೆ ಇಳಿಯಿತು. ಇಂಜಿನ್ ಇನ್ನೂ ಸದ್ದು ಬದಲಿಸಿರಲಿಲ್ಲ. ಜಾಗ ನೋಡಿ ಪಕ್ಕಕ್ಕೆ ಹಾಕಿದೆ. ಫಿಲ್ಟರ್ ಬಟ್ಟಲಿನಲ್ಲಿ ನೀರು, ಕಂದು ಬಣ್ಣದ ಗಸಿ. ಬೇರೆ ಫಿಲ್ಟರ್ ಹಾಕಿ, ಗಾಳಿ ತೆಗೆದು ಹೊರಟೆ. ಮಾಲು ಹೊತ್ತಿಗೆ ಸರಿಯಾಗಿ ಇಳಿಯಿತು.