ಅಲ್ಲ, ಪುನರ್ವಸು

ಹಾಸನದ ಮುದ್ರಣಾಲಯವೊಂದರಲ್ಲಿ ವರ್ಷಗಟ್ಟಲೆ ಕರಡು ತಿದ್ದಿದ ಕೈ ನನ್ನದು. ಹಾಗಾಗಿ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರ ಮಾತನ್ನು ಧ್ವನಿಮುದ್ರಣದಿಂದ ಬರಹಕ್ಕಿಳಿಸುವ ಕೆಲಸ ಸಿಕ್ಕಾಗ ಮೊದಲ ನಾಲ್ಕು ಕಡತಗಳನ್ನು ಅಚ್ಚುಕಟ್ಟಾಗಿ ತಿದ್ದಿ ಕಳುಹಿಸಿದೆ. ನಾಲ್ಕೂ ಹಿಂದಿರುಗಿದವು. ಕೆಲಸ ಕೊಟ್ಟವರಿಗೆ ಬೇಕಾಗಿದ್ದದ್ದೇ ನಾನು ಹೊಡೆದುಹಾಕಿದ್ದ ತಪ್ಪುಗಳು: ಮಾತಾಡುವವರು ನಡುವೆ ತಪ್ಪಿ ತಾವೇ ತಿದ್ದಿಕೊಂಡ ಜಾಗಗಳು.

ಹಿರಿಯರೊಬ್ಬರು ‘ಆರಿದ್ರಾ, ಅಲ್ಲ, ಪುನರ್ವಸು ಮಳೆ’ ಎಂದಿದ್ದರು. ನಾನು ಆರಿದ್ರಾವನ್ನು ನುಂಗಿಹಾಕಿದ್ದೆ. ಈಗ ಇದನ್ನು ಮೂರು ತುಂಡು ಮಾಡುತ್ತೇನೆ: ಬಿಟ್ಟ ಮಾತು, ನಡುವಿನ ತಡೆ, ತಿದ್ದಿದ ಮಾತು. ಮನೋಭಾಷಾವಿಜ್ಞಾನಿ ವಿಲೆಮ್ ಲೆವೆಲ್ಟ್ 1983ರಲ್ಲಿ ಡಚ್ ಮಾತಿನ 959 ತಿದ್ದುಪಡಿಗಳನ್ನು ಹೀಗೆಯೇ ಬಿಡಿಸಿದ್ದರು.

ಅವರಿಗೆ ನಮ್ಮ ‘ಅಲ್ಲ’ ಎದುರಾಗಿರಲಿಲ್ಲ. ‘ಅರೇಬಿಕಾ ಅಲ್ಲ ರೋಬಸ್ಟಾ’ ಎಂದು ಬರೆದಿಟ್ಟರೆ ಅದು ಅರೇಬಿಕಾವನ್ನು ನಿರಾಕರಿಸುವ ಮಾತೋ, ಬಾಯಿ ತಪ್ಪಿ ಬಂದ ಅರೇಬಿಕಾವನ್ನು ತಿದ್ದಿಕೊಂಡದ್ದೋ? ನಿಷೇಧವನ್ನು ಪದದ ನಂತರ ಹಚ್ಚುವ ಭಾಷೆಯಲ್ಲಿ ಎರಡೂ ಒಂದೇ ಸಾಲು. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ: ನಿರಾಕರಣೆಯಾದರೆ ‘ಅಲ್ಲ’ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ, ತಿದ್ದುಪಡಿಯಾದರೆ ಹಿಂದಿನ ಪದ ತಟ್ಟನೆ ಕಡಿದು ‘ಅಲ್ಲ’ ಮುಂದಿನದರ ಜೊತೆ ಹೊರಡುತ್ತದೆ. ಸಂದೇಹ ಉಳಿದರೆ ಪ್ರಾಟ್ ತಂತ್ರಾಂಶದಲ್ಲಿ ಧ್ವನಿಯ ಅಲೆಯನ್ನು ಹಿಗ್ಗಿಸಿ ಮೌನ ಯಾವ ಕಡೆ ಬಿದ್ದಿದೆ ಎಂದು ನೋಡುತ್ತೇನೆ. ಆಗಲೂ ತೀರ್ಮಾನವಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಕರಡು ತಿದ್ದುವಾಗ ಆ ಸವಲತ್ತು ಇರಲಿಲ್ಲ.

ವಿಭಕ್ತಿಯದು ಇನ್ನೊಂದು ತಂಟೆ. ‘ಸಕಲೇಶಪುರಕ್ಕೆ, ಸಕಲೇಶಪುರದಿಂದ ಬಂದೆವು’ ಎಂದವರಿಗೆ ತಪ್ಪಿದ್ದು ‘ಕ್ಕೆ’ ಮಾತ್ರ. ಆದರೆ ಪ್ರತ್ಯಯ ಒಂಟಿಯಾಗಿ ನಿಲ್ಲುವುದಿಲ್ಲವಾದ್ದರಿಂದ ಊರನ್ನೇ ಮತ್ತೆ ಹೇಳಬೇಕು. ಬಿಟ್ಟ ಮಾತು ಎಂದು ಇಡೀ ಪದವನ್ನು ಗುರುತಿಸಿ, ತಪ್ಪಿದ ಪ್ರತ್ಯಯವನ್ನು ಬೇರೆ ಪದರದಲ್ಲಿ, ಅಂದರೆ ಗುರುತುಗಳ ಇನ್ನೊಂದು ಸಾಲಿನಲ್ಲಿ, ಬರೆಯುತ್ತೇನೆ.

ದ್ವಿರುಕ್ತಿಯಲ್ಲಿ ಮೋಸಹೋಗಬಾರದು. ‘ಸುರಿದು ಸುರಿದು ಕಾಯಿ ಉದುರಿತು’ ಎಂಬುದು ತೊದಲಲ್ಲ. ‘ಕಾಫಿ ಗೀಫಿ’ಯೂ ತೊದಲಲ್ಲ.

ಮಾತಾಡಿದವರೇ ತಿದ್ದಿಕೊಂಡದ್ದಕ್ಕೆ ಮಾತ್ರ ಗುರುತು. ಒಬ್ಬರು ಎರಡು ಸಲ ಮೂಡಿಗೆರೆಯನ್ನು ಹಾಸನ ಜಿಲ್ಲೆಗೆ ಸೇರಿಸಿ ಮುಂದೆ ಹೋದರು. ಅದು ಚಿಕ್ಕಮಗಳೂರು ಜಿಲ್ಲೆಯದು ಎಂದು ಗೊತ್ತಿದ್ದೂ ಹಾಗೆಯೇ ಬಿಟ್ಟೆ. ಕೈ ಮಾತ್ರ ಕೆಂಪು ಪೆನ್ನನ್ನು ಹುಡುಕಿತು.