ಹೂವಿನ ಮ್ಯಾಕ್ರೋ ಚಿತ್ರ ಮಸುಕಾಗುತ್ತಿತ್ತೇ? ನನಗೆ ಫಲಿಸಿದ ಕ್ರಮ

100 ಮಿ.ಮೀ. ಮ್ಯಾಕ್ರೋ ಲೆನ್ಸ್‌ನಲ್ಲಿ ದಾಸವಾಳದ ಕೇಸರವನ್ನು ತೀರ ಹತ್ತಿರದಿಂದ ತೆಗೆದಾಗ ಪರಾಗದ ಒಂದೆರಡು ಕಾಳು ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಎಷ್ಟೋ ಚಿತ್ರಗಳಲ್ಲಿ ಅಷ್ಟೂ ಇರುತ್ತಿರಲಿಲ್ಲ.

ಆಟೋಫೋಕಸ್ ಹಿಂದೆ ಮುಂದೆ ಅಲೆದಾಡುತ್ತಿತ್ತು. ಟ್ರೈಪಾಡ್ ಮೇಲೆ ಕ್ಯಾಮೆರಾ ನಿಂತಿತು, ಹೂವು ನಿಲ್ಲಲಿಲ್ಲ. ಅಪರ್ಚರನ್ನು (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್/22ಕ್ಕೆ ಕಿರಿದಾಗಿಸಿದರೆ ವಿವರ್ತನೆಯಿಂದ (ಕಿರುಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರವೇ ಮಂಕಾಯಿತು. ಐಎಸ್‌ಒ (ಬೆಳಕನ್ನು ದಾಖಲಿಸುವ ಸೆನ್ಸರ್‌ನ ಸಂವೇದನೆಯ ಮಟ್ಟ) ಏರಿಸಿದಾಗ ದಳದ ನವಿರಾದ ಗೆರೆಗಳು ಅಳಿಸಿಹೋದವು.

ಕೊನೆಗೆ ಫಲಿಸಿದ್ದು ಫ್ಲ್ಯಾಶ್ ಮತ್ತು ಮ್ಯಾನುಯಲ್ ಫೋಕಸ್ ಜೋಡಿ. ಕ್ಯಾಮೆರಾ ಎಂ (ಮ್ಯಾನುಯಲ್) ಮೋಡ್‌ನಲ್ಲಿ: ಎಫ್/11, 1/200 ಸೆಕೆಂಡ್, ಐಎಸ್‌ಒ 200. ಫ್ಲ್ಯಾಶ್ ಟಿಟಿಎಲ್‌ನಲ್ಲಿ (ಲೆನ್ಸ್ ಮೂಲಕ ಬರುವ ಬೆಳಕನ್ನು ಅಳೆದು ಕ್ಯಾಮೆರಾವೇ ಫ್ಲ್ಯಾಶ್ ಪ್ರಮಾಣ ನಿರ್ಧರಿಸುವ ವಿಧಾನ), ಮುಂದೆ ಬೆಳಕನ್ನು ಮೃದುಗೊಳಿಸುವ ಬಿಳಿ ಬಟ್ಟೆಯ ಡಿಫ್ಯೂಸರ್. ಬೆಳಕು ಬಹುಪಾಲು ಫ್ಲ್ಯಾಶ್‌ನದೇ ಆಗಿರಬೇಕು. ಅದರ ಕ್ಷಣಿಕ ಮಿಂಚೇ ಹೂವಿನ ಅಲುಗಾಟವನ್ನು ತಡೆಹಿಡಿಯುತ್ತದೆ. ಆದ್ದರಿಂದ ಬಿಸಿಲಿಗಿಂತ ನೆರಳು ವಾಸಿ.

ಮೊದಲು ಫೋಕಸ್ ರಿಂಗನ್ನು ತಿರುಗಿಸಿ ಬೇಕಾದ ಗಾತ್ರ ನಿಗದಿಪಡಿಸಿ. ಆಮೇಲೆ ಅದನ್ನು ಮುಟ್ಟಲೇಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಇಡೀ ದೇಹವನ್ನು ನಿಧಾನವಾಗಿ ಮುಂದಕ್ಕೆ ಬಾಗಿಸಿ. ಪರಾಗದ ಕಾಳುಗಳು ಹೊಳೆದ ಗಳಿಗೆಯಲ್ಲೇ ಶಟರ್ ಒತ್ತಿ. 1:1 ಅನುಪಾತದಲ್ಲಿ (ವಸ್ತು ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಮೂಡುವಾಗ) ಎಫ್/11ಕ್ಕೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಹಾಗಾಗಿ ಕೇಸರದಂಡಕ್ಕೆ ಎದುರಾಗಿ ನಿಲ್ಲದೆ, ಪಕ್ಕದಿಂದ, ಸೆನ್ಸರ್ ಅದಕ್ಕೆ ಸಮಾನಾಂತರವಾಗುವಂತೆ ಹಿಡಿಯಿರಿ. ಒಂದೇ ಚಿತ್ರದಲ್ಲಿ ಹೆಚ್ಚು ಕಾಳುಗಳು ಸ್ಪಷ್ಟವಾಗಿ ಬಂದದ್ದು ಈ ಕೋನದಿಂದಲೇ.

ಕೆಂಪು ದಳದ ಗೆರೆಗಳು ಆಗಲೂ ಮುಚ್ಚಿಹೋದರೆ ಫ್ಲ್ಯಾಶ್ ಕಾಂಪೆನ್ಸೇಶನ್ (ಫ್ಲ್ಯಾಶ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಹೊಂದಾಣಿಕೆ) -1ಕ್ಕೆ ಇಳಿಸಿ, ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ವಾಹಿನಿಯನ್ನು (ಕೆಂಪು ಬಣ್ಣದ ನಕ್ಷೆ) ಪ್ರತ್ಯೇಕವಾಗಿ ನೋಡಿ.